ಅರ್ಡಿಸ್ ತಳ್ಳಿಹಾಕಿದ ಕಾರ್ಡು

ಲೂನ್ ಹಾರ್ಬರ್‌ನಲ್ಲಿ ಮೂವತ್ತು ಚಿಲ್ಲರೆ ವರ್ಷ ಹೆಂಗಸರ ಕೂದಲು ಕತ್ತರಿಸಿ, ಸುರುಳಿ ಸುತ್ತಿ, ಬಣ್ಣ ಹಚ್ಚಿದ ಅರ್ಡಿಸ್ ಕೋಲ್ಬಿಗೆ ಆ ಊರಿನ ಯಾವ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದೆಲ್ಲ ಗೊತ್ತಿತ್ತು. ತನ್ನ ಹೊಟ್ಟೆಯೊಳಗೆ ಏನು ಉರಿಯುತ್ತಿದೆ ಎಂಬುದೂ ಗೊತ್ತಿತ್ತು. ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಅನ್ನಿ, ಮುಖ ನೋಡಿದರೆ ತಿಳಿಯುತ್ತಿತ್ತು. ಆ ಉರಿಯ ಹೆಸರು ಮ್ಯಾಕ್ಸೀನ್ ಹ್ರೂಬಿ.

ಮ್ಯಾಕ್ಸೀನ್ ಪಕ್ಕದ ರಾಜ್ಯ ಇಲಿನಾಯ್ ಕಡೆಯವಳು. ನಮ್ಮ ವಿಸ್ಕಾನ್ಸಿನ್‌ನಲ್ಲಿ ಇಷ್ಟು ಹೇಳಿದರೆ ಅರ್ಧ ದೂರು ಕೊಟ್ಟ ಹಾಗೆಯೇ. ಬೇಸಿಗೆ ಬಂತೆಂದರೆ ಕಾರಿನ ಹಿಂದೆ ದೋಣಿ ಎಳೆದುಕೊಂಡು ಬಂದು ನಮ್ಮ ರಸ್ತೆ ತುಂಬುವವರು ಅವರು. ಶುಕ್ರವಾರ ಸಂಜೆ ಮೀನು ಊಟಕ್ಕೆ ನಮಗಿಂತ ಮೊದಲೇ ಹೋಗಿ ಸಾಲು ನಿಲ್ಲುವವರು ಅವರು. ಕೆರೆ ದಂಡೆಯ ಒಳ್ಳೊಳ್ಳೆಯ ಮನೆಗಳನ್ನು ಕೊಂಡು ಎರಡು ತಿಂಗಳು ಇದ್ದು ಬೀಗ ಹಾಕಿಕೊಂಡು ಹೋಗುವವರೂ ಅವರೇ. ಮ್ಯಾಕ್ಸೀನ್ ಗಂಡ ತೀರಿಕೊಂಡ ಮೇಲೆ ಬಂದಳು, ಕೆರೆ ದಂಡೆಯ ಮನೆಯನ್ನೇ ಕೊಂಡಳು, ಆದರೆ ಬೀಗ ಹಾಕಿಕೊಂಡು ಹೋಗಲಿಲ್ಲ. ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅರ್ಡಿಸ್ ಕೂಡಿಡುತ್ತಿದ್ದದ್ದು ಹಳೆಯ ಪೋಸ್ಟ್‌ಕಾರ್ಡು. ಪ್ರವಾಸಕ್ಕೆ ಹೋದವರು ‘ಬಿಸಿಲು ಜೋರು, ಮೀನು ಸಿಕ್ಕಿತು, ಭಾನುವಾರ ಬರುತ್ತೇವೆ’ ಎಂದು ಮನೆಗೆ ಬರೆದು ಹಾಕುತ್ತಿದ್ದ ಬಣ್ಣದ ಚಿತ್ರದ ಕಾರ್ಡುಗಳು. ಈ ಹುಚ್ಚಿನವರಲ್ಲಿ ನೂರು ಪಂಗಡ. ಒಬ್ಬನಿಗೆ ಸೇತುವೆಯೇ ಬೇಕು, ಇನ್ನೊಬ್ಬಳಿಗೆ ಹೆದ್ದಾರಿ ಪಕ್ಕದ ವಸತಿಗೃಹಗಳೇ ಬೇಕು, ಮತ್ತೊಬ್ಬ ಊರಿನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಅಕ್ಷರದ ಹೊಟ್ಟೆಯೊಳಗೆ ಚಿತ್ರ ತುಂಬಿದ ಕಾರ್ಡುಗಳನ್ನಲ್ಲದೆ ಬೇರೆ ಮುಟ್ಟುವುದಿಲ್ಲ. ಇವರೆಲ್ಲರಿಗಿಂತ ಮರ್ಯಾದೆ ಜಾಸ್ತಿ ಇರುವುದು ಹುಟ್ಟಿದ ಊರನ್ನು ಕೂಡಿಡುವವರಿಗೆ. ಊರವಳು ಇರುವಾಗ ಅವಳ ಊರಿನ ಕಾರ್ಡಿಗೆ ಬೇರೆಯವರು ಕೈ ಹಾಕುವುದಿಲ್ಲ. ಎಲ್ಲಾದರೂ ಕಣ್ಣಿಗೆ ಬಿದ್ದರೆ ಅವಳಿಗೆಂದು ತೆಗೆದಿಡುತ್ತಾರೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ.

ಊರವರ ಮಾತಿಗೂ ಅಷ್ಟೇ ತೂಕ. ಯಾಕೆಂದರೆ ಈ ಕಾರ್ಡುಗಳು ಭಾರೀ ಸುಳ್ಳುಬುರುಕ ಜಾತಿ. ನಲವತ್ತರ ದಶಕದಲ್ಲಿ ಒರಟು ಬಟ್ಟೆಯ ನೇಯ್ಗೆಯಂಥ ಕಾಗದದ ಮೇಲೆ ಅಚ್ಚಾದವಂತೂ ಇನ್ನೂ ಹೆಚ್ಚು. ಯಾರೋ ಬಂದು ಕಪ್ಪು ಬಿಳುಪಿನ ಫೋಟೋ ತೆಗೆಯುತ್ತಿದ್ದರು. ದೂರದ ಪಟ್ಟಣದ ಅಚ್ಚುಮನೆಯಲ್ಲಿ, ಊರನ್ನು ಕನಸಿನಲ್ಲೂ ಕಾಣದ ಬಣ್ಣದವರು ಅದರ ಮೇಲೆ ಕೂತು ಕರೆಂಟಿನ ಕಂಬ ಅಳಿಸುತ್ತಿದ್ದರು, ಆಕಾಶಕ್ಕೆ ಗುಲಾಬಿ ಬಳಿಯುತ್ತಿದ್ದರು, ಬೇಕೆನಿಸಿದರೆ ಹಿಂದೆ ಒಂದು ಗುಡ್ಡವನ್ನೂ ಎಬ್ಬಿಸುತ್ತಿದ್ದರು. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿತ್ತು. ಒಂದೇ ಕೆರೆಯ ಚಿತ್ರ ಅಚ್ಚು ಹಾಕಿ, ಕೆಳಗೆ ಹತ್ತು ಊರಿನ ಹೆಸರು ಹಾಕಿ ಹತ್ತು ಊರಿಗೂ ಮಾರುತ್ತಿದ್ದರು. ಅಂಥದಕ್ಕೆ ನಮ್ಮೂರ ಕಾರ್ಡು ಕೂಡಿಡುವವರ ಕ್ಲಬ್ಬಿನವರು ‘ಎಲ್ಲೂರ ಕಾರ್ಡು’ ಎಂದು ಮೂಗು ಮುರಿಯುತ್ತಾರೆ. ಯಾವುದು ನಿಜವಾದ ಊರು, ಯಾವುದು ಎಲ್ಲೂರದ್ದು ಎಂದು ಹೇಳಬೇಕಾದವರು ಊರವರೇ. ಲೂನ್ ಹಾರ್ಬರ್ ಮಟ್ಟಿಗೆ ಆ ಮಾತು ಅರ್ಡಿಸ್‌ಳದು. ಅವಳು ಹೇಳಿದ ಮೇಲೆ ಮುಗಿಯಿತು.

ಮ್ಯಾಕ್ಸೀನ್ ಕ್ಲಬ್ಬಿಗೆ ಬಂದ ಮೊದಲ ದಿನ ಅಧ್ಯಕ್ಷ ನಾರ್ಬರ್ಟ್ ಲಿಂಡಾಲ್, ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು, ನೀವು ಏನು ಕೂಡಿಡುತ್ತೀರಿ ಎಂದು ಕೇಳಿದ. ಆಕೆ ನಕ್ಕು, “ಇನ್ನೂ ಏನೂ ಇಲ್ಲಪ್ಪ. ಈಗ ಇರೋ ಊರಿಂದಾನೇ ಶುರು ಮಾಡೋಣ ಅಂತ,” ಎಂದಳು. ಅರ್ಡಿಸ್‌ಗೆ ಕಾಫಿ ನೆತ್ತಿಗೆ ಹತ್ತಿತು.

ಆರು ವರ್ಷದಲ್ಲಿ ಮ್ಯಾಕ್ಸೀನ್‌ಳ ಆಲ್ಬಮ್ ಅರ್ಡಿಸ್‌ಳ ಆಲ್ಬಮ್ಮಿನಷ್ಟೇ ದಪ್ಪವಾಯಿತು. ದುಡ್ಡಿತ್ತು, ಬಿಡುವಿತ್ತು, ಕಂಪ್ಯೂಟರ್ ಹರಾಜಿನಲ್ಲಿ ಕೈ ಪಳಗಿತ್ತು. ಅದನ್ನಾದರೂ ಅರ್ಡಿಸ್ ತಡೆದುಕೊಳ್ಳುತ್ತಿದ್ದಳೇನೋ. ತಡೆಯಲಾಗದ್ದು ಆಕೆಯ ಒಳ್ಳೆಯತನ. ಎರಡು ಪ್ರತಿ ಸಿಕ್ಕರೆ ಒಂದನ್ನು ಅರ್ಡಿಸ್‌ಗೆ ತಂದುಕೊಡುತ್ತಿದ್ದಳು. ‘ಅರ್ಡಿಸ್‌ನ ಕೇಳೋಣ’ ಎನ್ನದೆ ಒಂದು ಮಾತೂ ಆಡುತ್ತಿರಲಿಲ್ಲ. ಜೊತೆಗೆ ಸಭೆಗೆಂದು ನಿಂಬೆಯ ಸಿಹಿತುಂಡು ಮಾಡಿ ತರುತ್ತಿದ್ದಳು. ಅರ್ಡಿಸ್ ತಂದ ಖರ್ಜೂರದ ತುಂಡುಗಳು ತಟ್ಟೆಯಲ್ಲಿ ಹಾಗೆಯೇ ಉಳಿದು ಮನೆಗೆ ವಾಪಸು ಬರುತ್ತಿದ್ದವು.

“ಎಷ್ಟನೇದು ಅದು?” ಎಂದು ಅರ್ಡಿಸ್ ಒಮ್ಮೆ, ತನ್ನನ್ನು ಸಭೆಯಿಂದ ಕರೆದೊಯ್ಯಲು ಬಂದು ನಿಂಬೆತುಂಡು ಮೆಲ್ಲುತ್ತಿದ್ದ ಗಂಡ ಲೈಲ್‌ನನ್ನು ಕೇಳಿದಳು.

“ಮೂರನೇದು.”

“ನಾಚ್ಕೆ ಆಗಲ್ವಾ?”

“ಆಗತ್ತೆ. ನಾಲ್ಕನೇದು ತಿಂದ್ಮೇಲೆ ಆಗತ್ತೆ,” ಎಂದ ಲೈಲ್. ಮಾತು ಕಮ್ಮಿಯ ಮನುಷ್ಯ. ಆಡಿದ ಒಂದೆರಡು ಮಾತನ್ನೂ ಹೆಂಡತಿಗೆ ಚುಚ್ಚುವುದಕ್ಕೆಂದೇ ಮೀಸಲಿಟ್ಟಿದ್ದ.

ಇಷ್ಟೆಲ್ಲ ಕೂಡಿಟ್ಟರೂ ಅರ್ಡಿಸ್ ಹುಡುಕುತ್ತಿದ್ದದ್ದು ನಿಜಕ್ಕೂ ಒಂದೇ ಕಾರ್ಡು. ಅಂಥದೊಂದು ಲೋಕದಲ್ಲಿ ಇದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಅವಳ ಅಪ್ಪ ಆಲ್ವಿನ್ ಟೆಸ್ಕಿ ಬಡಗಿ. ಕೆರೆ ದಂಡೆಯಲ್ಲಿ ಸ್ಟಾರ್‌ಲೈಟ್ ಎಂಬ ಕುಣಿತದ ಮಂಟಪ ಇತ್ತು. ಶನಿವಾರ ಬಂದರೆ ಹತ್ತೂರಿನ ಜನ ಅಲ್ಲಿಗೆ ಕುಣಿಯಲು ಬರುತ್ತಿದ್ದರು. ಅದರ ಹಿಂಬದಿಯಲ್ಲಿ, ನೀರಿನ ಕಡೆಗೆ, ಆಲ್ವಿನ್ ಒಂದು ಮರದ ಜಾರುಬಂಡಿ ಕಟ್ಟಿದ್ದನಂತೆ. ಮರಗಳಷ್ಟೇ ಎತ್ತರ. ಮೇಲಿನಿಂದ ಸಣ್ಣ ಗಾಲಿಹಲಗೆಯ ಮೇಲೆ ಕೂತು ಬಿಟ್ಟರೆ ದಡದಡನೆ ಇಳಿದು ಕೆರೆಗೆ ಬೀಳಬೇಕು. ಅದರಲ್ಲೇನು ವಿಶೇಷ ಎಂದರೆ, ನಡುವೆ ಒಂದು ತಿರುವು. ಮರದ ಜಾರುಬಂಡಿಗೆ ತಿರುವು ಕೊಡುವುದು, ಕೊಟ್ಟರೂ ಗಾಲಿಹಲಗೆ ಹೊರಗೆ ಹಾರದ ಹಾಗೆ ನಿಲ್ಲಿಸುವುದು ಆಗದ ಮಾತು ಎಂದು ಆಗಿನ ಬಡಗಿಗಳೂ ಹೇಳುತ್ತಿದ್ದರು. ಆಲ್ವಿನ್ ಮಾಡಿದ್ದನಂತೆ. ಎರಡು ಬೇಸಿಗೆ ನಡೆಯಿತು. ಒಬ್ಬ ಹುಡುಗ ಹೆಗಲ ಮೂಳೆ ಮುರಿದುಕೊಂಡ, ಜಿಲ್ಲೆಯವರು ಬಂದು ಬಿಚ್ಚಿಸಿ ಹಾಕಿದರು. ಹತ್ತು ವರ್ಷದ ಮೇಲೆ ಮಂಟಪವೂ ಸುಟ್ಟುಹೋಯಿತು. ಜಾರುಬಂಡಿ ಇದ್ದಾಗ ಅರ್ಡಿಸ್ ತೊಟ್ಟಿಲ ಕೂಸು.

ಆಲ್ವಿನ್ ಉಳಿದ ಆಯುಷ್ಯವೆಲ್ಲ ಬಿಯರಿನ ಅಂಗಡಿಯಲ್ಲಿ ಕೂತು ಆ ಜಾರುಬಂಡಿಯ ಕತೆ ಹೇಳಿದ. ಹೇಳಿದಷ್ಟೂ ಅದು ಎತ್ತರವಾಯಿತು. “ಏನ್ ಆಲ್ವಿನ್, ಈ ವರ್ಷ ತಿರುವು ಒಂದೋ ಎರಡೋ?” ಎಂದು ಕಿಚಾಯಿಸುತ್ತಿದ್ದರು. ಜಾರಿದ್ದವರೆಲ್ಲ ಪರವೂರ ಪ್ರವಾಸಿಗರು. ಊರಲ್ಲಿ ಕಂಡವರು ಒಬ್ಬೊಬ್ಬರೇ ಹೋದರು. ಕೊನೆಗೆ ಅದೊಂದು ಗಾದೆಯಾಗಿ ನಿಂತಿತು. ಯಾರಾದರೂ ಹಿಡಿದ ಮೀನನ್ನು ಕೈಯಗಲಿಸಿ ತೋರಿಸಿದರೆ ಲೂನ್ ಹಾರ್ಬರ್‌ನಲ್ಲಿ ಇವತ್ತಿಗೂ ‘ಇದು ಆಲ್ವಿನ್ ಜಾರುಬಂಡಿ’ ಎನ್ನುತ್ತಾರೆ. ಆಲ್ವಿನ್ ಯಾರೆಂದು ಗೊತ್ತಿಲ್ಲದ ಮಕ್ಕಳೂ ಎನ್ನುತ್ತವೆ. ಅರ್ಡಿಸ್ ತನ್ನ ಅಂಗಡಿಯಲ್ಲೇ, ತಾನೇ ಸೋಪು ಹಚ್ಚುತ್ತಿದ್ದ ತಲೆಗಳ ಬಾಯಿಂದ ಅದನ್ನು ಎಷ್ಟೋ ಸಲ ಕೇಳಿದ್ದಳು. ಅಂಥ ದಿನ ನೀರು ಸ್ವಲ್ಪ ಜಾಸ್ತಿಯೇ ಬಿಸಿಯಾಗಿರುತ್ತಿತ್ತು.

ಸಾಯುವ ಮುಂಚೆ ಅಪ್ಪ ಹೇಳಿದ್ದ: “ಇತ್ತು ಕಣೇ. ತಿರುವೂ ಇತ್ತು. ಫೋಟೋದವನೊಬ್ಬ ದೋಣೀಲಿ ಬಂದು ನೀರಿನ ಕಡೆಯಿಂದ ತೆಕ್ಕೊಂಡು ಹೋದ.”

“ನಂಗೊತ್ತಪ್ಪಾ,” ಎಂದಿದ್ದಳು ಅರ್ಡಿಸ್. ಗೊತ್ತಿರಲಿಲ್ಲ. ಅಪ್ಪ ಸುಳ್ಳ ಅಲ್ಲ ಎಂದು ಊರಿಗೆ ತೋರಿಸುವುದಕ್ಕಿಂತ ಮೊದಲು ಅವಳು ತನಗೇ ತೋರಿಸಿಕೊಳ್ಳಬೇಕಿತ್ತು. ಸ್ಟಾರ್‌ಲೈಟಿನ ಕಾರ್ಡುಗಳು ಎಷ್ಟೋ ಸಿಕ್ಕವು. ಎಲ್ಲವೂ ರಸ್ತೆಯ ಕಡೆಯಿಂದ ತೆಗೆದವು. ನೀರಿನ ಕಡೆಯದು ಒಂದೂ ಇಲ್ಲ.

ಕ್ಲಬ್ಬು ಸೇರುವುದು ಲೂಥರನ್ ಚರ್ಚಿನ ಕೆಳಗಿನ ನೆಲಮನೆಯಲ್ಲಿ. ಪ್ರತಿ ಸಭೆಯಲ್ಲೂ ಒಬ್ಬೊಬ್ಬರು ಎದ್ದು ಆ ತಿಂಗಳು ಸಿಕ್ಕ ಒಂದು ಹೊಸ ಕಾರ್ಡು ತೋರಿಸಬೇಕು. ಏಪ್ರಿಲ್ ಸಭೆಯಲ್ಲಿ ಮ್ಯಾಕ್ಸೀನ್ ಎದ್ದಾಗಲೇ ಕೆನ್ನೆ ಕೆಂಪಾಗಿತ್ತು.

“ಅರ್ಡಿಸ್, ಇದನ್ನ ಮೊದ್ಲು ನೀನೇ ನೋಡ್ಬೇಕು. ಸ್ಟಾರ್‌ಲೈಟು! ಆದ್ರೆ ರಸ್ತೆ ಕಡೆಯಿಂದ ಅಲ್ಲ, ನೀರಿನ ಕಡೆಯಿಂದ. ಇಲ್ಲಿ ಈ ಮೂಲೇಲಿ ನೋಡು...”

ಮುಂದಿನದು ಅರ್ಡಿಸ್‌ಗೆ ಕೇಳಿಸಲಿಲ್ಲ. ಕಂಡದ್ದು ಇಷ್ಟೇ: ಗುಲಾಬಿ ಆಕಾಶ, ಸಾಲು ಕಾಗದದ ದೀಪ, ನೀರಿನ ಕಡೆಗೆ ಮುಖ ಮಾಡಿದ ಮಂಟಪ, ಕೆಳಗೆ ಕೆಂಪು ಅಕ್ಷರದಲ್ಲಿ ಲೂನ್ ಹಾರ್ಬರ್. ಅದನ್ನು ಹಿಡಿದಿದ್ದ ಕೈ ಇಲಿನಾಯ್‌ನವಳದು. ಮೂವತ್ತು ವರ್ಷ ಧೂಳು ತಿಂದವಳು ತಾನು. ಒಂದೊಂದು ಸಂತೆಯಲ್ಲಿ ನಿಂತು ನಿಂತು ಸೊಂಟ ಹಿಡಿಸಿಕೊಂಡವಳು ತಾನು. ನಿನ್ನೆ ಮೊನ್ನೆ ಬಂದವಳ ಬಾಗಿಲಿಗೆ ಅಂಚೆಯವನು ತಂದು ಹಾಕಿ ಹೋಗಿದ್ದಾನೆ! ಹೊಟ್ಟೆಯಿಂದ ಎದ್ದ ಉರಿ ಗಂಟಲಿಗೆ ಬಂದು, ಗಂಟಲಿನಿಂದ ಮಾತಾಗಿ ಹೊರಗೆ ಬಿತ್ತು.

“ಇದು ನಮ್ಮೂರಲ್ಲ.”

ಎಲ್ಲರೂ ಅರ್ಡಿಸ್ ಕಡೆ ತಿರುಗಿದರು.

“ಹೆಸರಿದೆಯಲ್ಲ...” ಎಂದಳು ಮ್ಯಾಕ್ಸೀನ್.

“ಹೆಸರು ಯಾವ್ದಕ್ಬೇಕಾದ್ರೂ ಹಾಕ್ತಾರೆ. ಹಿಂದೆ ನೋಡು, ಗುಡ್ಡ. ನಮ್ಮೂರಲ್ಲಿ ಗುಡ್ಡ ಎಲ್ಲಿದೆಯಮ್ಮ? ಆಲೂಗಡ್ಡೆ ಹೊಲದಲ್ಲಿ ನಿಂತ್ರೆ ಪಕ್ಕದ ಊರಿನ ಚರ್ಚ್ ಕಾಣತ್ತೆ, ಅಷ್ಟು ಚಪ್ಪಟೆ. ಇದು ಎಲ್ಲೂರ ಕಾರ್ಡು. ಕೆರೆ ಇರೋ ಊರಿಗೆಲ್ಲ ಇದನ್ನೇ ಮಾರಿದಾರೆ. ನೀನು ಹೊಸಬಳು, ನಿಂಗೆ ಗೊತ್ತಾಗಲ್ಲ ಬಿಡು. ಇಲಿನಾಯ್ ಕಡೆಯವರಿಗೆ ಕೆರೆ ಅಂದ್ರೆ ಎಲ್ಲಾ ಒಂದೇ.”

ಎಲ್ಲರೂ ನಕ್ಕರು. ನಾರ್ಬರ್ಟ್ ಕನ್ನಡಕ ಏರಿಸಿ, “ಹೌದಲ್ಲ, ಗುಡ್ಡ! ನಮಗ್ಯಾರಿಗೂ ಹೊಳೀಲೇ ಇಲ್ಲ ನೋಡಿ,” ಎಂದ. ಮ್ಯಾಕ್ಸೀನ್‌ಳ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಆಕೆಯೂ ನಕ್ಕಳು.

“ಅಯ್ಯೋ ನನ್ನ ಬುದ್ಧಿಯೇ! ನೀನಿಲ್ದಿದ್ರೆ ಆಲ್ಬಮ್ಮಿನ ಮೊದಲ್ನೇ ಪುಟಕ್ಕೇ ಹಾಕ್ಬಿಡ್ತಿದ್ದೆ. ಥ್ಯಾಂಕ್ಸ್ ಅರ್ಡಿಸ್.”

ಕಾರ್ಡು ಕೈಯಿಂದ ಕೈಗೆ ಹೋಯಿತು. ನೋಡಿದವರೆಲ್ಲ ಗುಡ್ಡ ನೋಡಿ ಮುಂದೆ ದಾಟಿಸಿದರು. ಸುತ್ತಿ ಬಂದು ಅರ್ಡಿಸ್‌ಳ ಕೈಗೆ ಸೇರಿತು. ಗೆದ್ದವಳ ಗತ್ತಿನಲ್ಲಿ ಅವಳು ಕುತ್ತಿಗೆಯ ದಾರದಲ್ಲಿದ್ದ ಭೂತಗನ್ನಡಿ ಎತ್ತಿ, ಮ್ಯಾಕ್ಸೀನ್ ಬೆರಳಿಟ್ಟಿದ್ದ ಎಡಮೂಲೆಯ ಮೇಲೆ ಹಿಡಿದಳು.

ಪೈನ್ ಮರಗಳ ನಡುವೆ ಹೊಸ ಹಲಗೆಯ ಬಣ್ಣದ್ದೇನೋ ನಿಂತಿತ್ತು. ಎತ್ತರದಿಂದ ನೇರ ಇಳಿದು, ಅರ್ಧಕ್ಕೆ ಬಂದು, ಮೊಣಕೈ ಮಡಿಸಿದ ಹಾಗೆ ಬಲಕ್ಕೆ ತಿರುಗಿ, ನೀರಿಗೆ ಹೋಗಿ ಮುಟ್ಟಿತ್ತು. ತುದಿಯಲ್ಲಿ ಗುಲಾಬಿ ಚುಕ್ಕೆಯಷ್ಟೇ ಒಬ್ಬ ಹುಡುಗ. ತಿರುವು ಒಂದೇ. ಎರಡಲ್ಲ.

ಆಗಲೇ ಬಾಯಿ ಬಿಡಬಹುದಿತ್ತು. ‘ತಪ್ಪಾಯ್ತು, ಸರಿಯಾಗಿ ನೋಡಲಿಲ್ಲ’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಗು ಇನ್ನೂ ಆರಿರಲಿಲ್ಲ. ಇಲಿನಾಯ್ ಮಾತು ಆಡಿಯಾಗಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರಲ್ಲ, ಅರ್ಡಿಸ್ ಎರಡನ್ನೂ ಒಟ್ಟಿಗೇ ಕಳೆದುಕೊಂಡಿದ್ದಳು. “ಹ್ಞೂಂ, ಎಲ್ಲೂರದ್ದೇ,” ಎಂದು ಇನ್ನೊಂದು ಸಲ ಹೇಳಿ ಕಾರ್ಡು ವಾಪಸು ಕೊಟ್ಟಳು. ಮ್ಯಾಕ್ಸೀನ್ ಅದನ್ನು ಕಾಫಿ ಮೇಜಿನ ಪಕ್ಕದ ಬೇಡದ ಪೆಟ್ಟಿಗೆಗೆ ಹಾಕಿದಳು. ಯಾರಿಗೂ ಬೇಡವಾದ ಕಾರ್ಡುಗಳ ಪೆಟ್ಟಿಗೆ ಅದು. ಭಾನುವಾರದ ಶಾಲೆಯ ಮಕ್ಕಳು ಕತ್ತರಿಸಿ ಅಂಟಿಸಿ ಆಡಿಕೊಳ್ಳಲಿ ಎಂದು ಇಟ್ಟಿದ್ದು.

ಅವತ್ತು ಸಭೆ ಮುಗಿದ ಮೇಲೆ ಅರ್ಡಿಸ್ ಎಲ್ಲರ ಕಾಫಿ ಲೋಟಗಳನ್ನೂ ತೊಳೆದಳು. ಎಲ್ಲರೂ ಹೋಗುವವರೆಗೆ ತೊಳೆದಳು.

“ಏನೋ ಲೋಟ ತೊಳೆದೆಯಂತೆ?” ಎಂದ ಲೈಲ್ ಮಾರನೆಯ ದಿನ. “ಊರೆಲ್ಲ ಅದೇ ಮಾತು. ಮೈ ಹುಷಾರಿದೆ ತಾನೆ?”

ಕಾರ್ಡು ಈಗ ಅವಳದಾಗಿತ್ತು. ಆದರೆ ಆಲ್ಬಮ್ಮಿಗೆ ಹಾಕುವ ಹಾಗಿಲ್ಲ, ಗೋಡೆಗೆ ತೂಗುಹಾಕುವ ಹಾಗಿಲ್ಲ, ಒಂದು ನರಪಿಳ್ಳೆಗೆ ತೋರಿಸುವ ಹಾಗಿಲ್ಲ. ತೋರಿಸಲಾಗದ ಕಾರ್ಡು ಇದ್ದರೂ ಇಲ್ಲದ ಹಾಗೆಯೇ ಎಂಬುದು ಈ ಹುಚ್ಚಿನವರಿಗೆಲ್ಲ ಗೊತ್ತು. ಹಳೆಯ ಕೂದಲ ಸುರುಳಿಗಳ ಡ್ರಾಯರಿನಲ್ಲಿ ಬಚ್ಚಿಟ್ಟು, ದಿನಕ್ಕೊಮ್ಮೆ ತೆಗೆದು ನೋಡಿ ಮತ್ತೆ ಇಡುತ್ತಿದ್ದಳು. ಬಿಸಿ ತುಪ್ಪ, ನುಂಗುವುದಕ್ಕೂ ಆಗದು ಉಗುಳುವುದಕ್ಕೂ ಆಗದು. ಅಪ್ಪನ ಮೇಲೆ ಹೆಮ್ಮೆ ಉಕ್ಕಿ ಬರುತ್ತಿತ್ತು. ಅದರ ಹಿಂದೆಯೇ, ಇದನ್ನು ಹುಡುಕಿದ್ದು ಅವಳಲ್ಲವೇ ಎಂಬ ಉರಿಯೂ ಏಳುತ್ತಿತ್ತು. ತನ್ನಪ್ಪನ ಜಾರುಬಂಡಿಯನ್ನು ತನಗಿಂತ ಮೊದಲು ನೋಡಿದ್ದು ಆ ಹೆಂಗಸು. ಬೆರಳಿಟ್ಟು ತೋರಿಸಿದ್ದೂ ಆ ಹೆಂಗಸೇ. ಇದನ್ನು ನೆನೆದಾಗೆಲ್ಲ ಅರ್ಡಿಸ್‌ಗೆ ತಾನು ಹೇಳಿದ್ದು ಸರಿಯಾಗಿಯೇ ಇದೆ ಎನಿಸುತ್ತಿತ್ತು, ಐದು ನಿಮಿಷದ ಮಟ್ಟಿಗೆ.

ಮೇ ತಿಂಗಳ ಕ್ಲಬ್ಬಿನ ಪತ್ರಿಕೆಯಲ್ಲಿ ನಾರ್ಬರ್ಟ್ ಅರ್ಧ ಪುಟ ಬರೆದ. ‘ಹುಷಾರ್! ಲೂನ್ ಹಾರ್ಬರ್ ಹೆಸರಿನ ಎಲ್ಲೂರ ಕಾರ್ಡು’ ಎಂದು ತಲೆಬರಹ, ಗುಡ್ಡದ ಗುರುತು, ಕೊನೆಯಲ್ಲಿ ‘ನಮ್ಮ ಅರ್ಡಿಸ್ ಕಣ್ಣಿಗೆ ಮಣ್ಣೆರಚುವವರು ಯಾರು?’ ಎಂಬ ಹೊಗಳಿಕೆ. ಪಕ್ಕದ ಕ್ಲಬ್ಬುಗಳೂ ಅದನ್ನು ತಮ್ಮ ಪತ್ರಿಕೆಗಳಲ್ಲಿ ಹಾಕಿಕೊಂಡವು. ಓಷ್‌ಕಾಷ್ ಕಡೆಯ ಒಬ್ಬಾತ ಸಿಕ್ಕಾಗ ಕೈಕುಲುಕಿ, ತನ್ನ ಹತ್ತಿರವೂ ಅದರ ಒಂದು ಪ್ರತಿ ಇತ್ತು, ಓದಿದ ಮೇಲೆ ಮೊಮ್ಮಗಳಿಗೆ ಕತ್ತರಿಸಿಕೊಳ್ಳಲು ಕೊಟ್ಟೆ ಎಂದ. ಅರ್ಡಿಸ್ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜುಲೈನಲ್ಲಿ ಲೈಲ್ ಗಾಳದ ದಾರ ಕತ್ತರಿಸಲು ಕತ್ತರಿ ಹುಡುಕುತ್ತಾ ಡ್ರಾಯರು ತೆರೆದ. ಕಾರ್ಡು ಹಿಡಿದು ಅಡುಗೆಮನೆಗೆ ಬಂದ.

“ಇದು ನಿಮ್ಮಪ್ಪಂದಲ್ವೇನೇ?”

ಅರ್ಡಿಸ್ ಒಲೆ ಆರಿಸಿದಳು.

“ತಿರುವಿದೆ ಕಣೇ. ಮುದುಕ ಸುಳ್ಳು ಹೇಳಿರ್ಲಿಲ್ಲ! ನಾನೂ ಎಷ್ಟು ಆಡ್ಕೊಂಡಿದ್ದೆ ಪಾಪ.” ಆಮೇಲೆ ಕೆಳಗಿನ ಕೆಂಪು ಅಕ್ಷರ ಓದಿ, ಗುಡ್ಡ ನೋಡಿ, ಹೆಂಡತಿಯ ಮುಖ ನೋಡಿದ. “ಪತ್ರಿಕೇಲಿ ಹಾಕಿದ್ರಲ್ಲ, ಅದೇನಾ ಇದು?”

“ಅದೇ.”

“ನೋಡ್ದೇನೇ ಹೇಳಿದ್ಯಾ?”

“ಅವಳ ಕೈಲಿತ್ತು,” ಎಂದಳು ಅರ್ಡಿಸ್. ಅದಕ್ಕಿಂತ ಬೇರೆ ಕಾರಣ ಅವಳ ಹತ್ತಿರ ಇರಲಿಲ್ಲ.

ಲೈಲ್ ಕುರ್ಚಿ ಎಳೆದು ಕೂತ. “ನಿನ್ನ ಮೂಗು ಕೊಯ್ಕೊಂಡು ಅವಳಿಗೆ ಅಪಶಕುನ ಮಾಡಕ್ಕೆ ಹೋದೆ. ಅವಳು ನೋಡಿದ್ರೆ ಅಯ್ಯೋ ಮೂಗಿಗೇನಾಯ್ತು ಅಂತ ಔಷಧಿ ತಂದ್ಕೊಡ್ತಾಳೆ.”

“ಅವಳ ನಿಂಬೆತುಂಡು ತಿನ್ನೋ ಬಾಯಿ ನಿಂದು. ಸುಮ್ನಿರು.”

“ಸುಮ್ನಿರ್ತೀನಪ್ಪ. ಆದ್ರೆ ಕೆರೆ ಹತ್ರ ಫಲಕ ಹಾಕ್ತಿದಾರಲ್ಲ, ಅದಕ್ಕೇನ್ಮಾಡ್ತೀಯ?”

ಅದೇ ಅವಳಿಗೂ ಇದ್ದ ಸಂಕಟ. ಸ್ಟಾರ್‌ಲೈಟ್ ಇದ್ದ ಜಾಗದಲ್ಲಿ ಊರಿನವರು ಲೋಹದ ಒಂದು ದೊಡ್ಡ ಫಲಕ ನಿಲ್ಲಿಸುವವರಿದ್ದರು. ಹಳೆಯ ಚಿತ್ರಗಳು, ಕೆಳಗೆ ವಿವರ. ಚಿತ್ರ ಆರಿಸುವ ಕೆಲಸ ಕ್ಲಬ್ಬಿಗೆ ಬಂದಿತ್ತು. ಆಗಸ್ಟ್ ಸಭೆಯಲ್ಲಿ ತೀರ್ಮಾನ, ಆಮೇಲೆ ಕೊರೆಯುವವರಿಗೆ ಹೋದರೆ ಹೋಯಿತು, ಇನ್ನೊಂದು ಫಲಕ ನಮ್ಮ ಕಾಲದಲ್ಲಿ ಏಳುವುದಿಲ್ಲ. ‘ನೀರಿನ ಕಡೆಯ ನೋಟ’ ಎಂಬ ಒಂದು ಜಾಗ ಖಾಲಿ ಉಳಿದಿದೆ, ಯಾರ ಹತ್ತಿರವೂ ಚಿತ್ರವಿಲ್ಲ ಎಂದು ನಾರ್ಬರ್ಟ್ ಎರಡು ಸಲ ಹೇಳಿದ್ದ. ಅಲ್ಲಿ ಅಪ್ಪನ ಹೆಸರು ಕೆತ್ತಿಸಬಹುದು. ‘ಆಲ್ವಿನ್ ಟೆಸ್ಕಿ ಕಟ್ಟಿದ ಜಾರುಬಂಡಿ’ ಎಂದು ಲೋಹದ ಮೇಲೆ ಇದ್ದರೆ ಆ ಗಾದೆ ಅವತ್ತೇ ಸಾಯುತ್ತದೆ.

ಆದರೆ ಚಿತ್ರದ ಕೆಳಗೆ ಕೊಟ್ಟವರ ಹೆಸರನ್ನೂ ಹಾಕುತ್ತಿದ್ದರು. ನಿಜ ಹೇಳಿದರೆ ಕಾರ್ಡು ಮ್ಯಾಕ್ಸೀನ್‌ಳದು. ಅಪ್ಪನ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಾದರೂ ಸರಿ, ಮಳೆ ಹಿಮ ಯಾವುದಕ್ಕೂ ಅಳಿಸದ ಹಾಗೆ ‘ಮ್ಯಾಕ್ಸೀನ್ ಹ್ರೂಬಿ ಸಂಗ್ರಹದಿಂದ’! ಅರ್ಡಿಸ್ ಆ ಮೂರು ಪದಗಳನ್ನು ಮನಸ್ಸಿನಲ್ಲೇ ಓದಿ ಓದಿ ಊಟ ಬಿಟ್ಟಳು. ನನಗೇ ಇನ್ನೊಂದು ಪ್ರತಿ ಸಿಕ್ಕಿತು ಎಂದರೆ ಹೇಗೆ ಎಂದೂ ಯೋಚಿಸಿದಳು. ಸಿಕ್ಕರೂ, ನಮ್ಮೂರಲ್ಲ ಎಂದ ಬಾಯಿ ಅದೇ ಅಲ್ಲವೇ. ಕೊನೆಗೆ ಗೆದ್ದವನು ಅಪ್ಪ. ಹೊಟ್ಟೆಕಿಚ್ಚು ಸಾಯಲಿಲ್ಲ, ಅದನ್ನು ಹೊಟ್ಟೆಯೊಳಗಿಟ್ಟುಕೊಂಡೇ ಅವಳು ಆಗಸ್ಟ್ ಸಭೆಗೆ ಹೋದಳು.

ತನ್ನ ಸರದಿ ಬಂದಾಗ ಎದ್ದು ಕಾರ್ಡನ್ನು ಎತ್ತಿ ಹಿಡಿದಳು.

“ಇದು ಏಪ್ರಿಲ್‌ನಲ್ಲಿ ಮ್ಯಾಕ್ಸೀನ್ ತಂದಿದ್ದು. ಬೇಡದ ಪೆಟ್ಗೆಯಿಂದ ನಾನೇ ತೆಕ್ಕೊಂಡೆ. ನಾನು ಅವತ್ತು ಹೇಳಿದ್ದು ಸುಳ್ಳು. ಇದು ನಮ್ಮೂರೇ. ಎಡಮೂಲೇಲಿ ಇರೋದು ನಮ್ಮಪ್ಪನ ಜಾರುಬಂಡಿ. ತಿರುವಿದೆ. ನೋಡ್ಕೊಳಿ.”

ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ, “ಆಲ್ವಿನ್ ಜಾರುಬಂಡಿ,” ಎಂದರು. ಇನ್ನಾರೋ ಕಿಸಕ್ಕೆಂದರು. ಗಾದೆ ಅಷ್ಟು ಅಭ್ಯಾಸವಾಗಿತ್ತು, ಪಾಪ.

ನಾರ್ಬರ್ಟ್ ಕಾರ್ಡನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದ. ಮರಗೆಲಸದವನು, ಮೂಲೆಯಲ್ಲಿದ್ದದ್ದನ್ನು ಕಂಡ.

“ಏನೋ ಇದೆ, ಇಲ್ಲ ಅನ್ನಲ್ಲ. ಆದ್ರೆ ಗುಡ್ಡ ಇದೆಯಲ್ಲ, ಅರ್ಡಿಸ್?”

“ಗುಡ್ಡ ಅಚ್ಚುಮನೆ ಬಣ್ಣದವ್ನು ಹಾಕಿದ್ದು. ಹಾಕ್ತಾರೆ ಅಂತ ನಮಗೆಲ್ಲ ಗೊತ್ತೇ ಇದೆಯಲ್ಲ.”

“ಗೊತ್ತು. ಇಲ್ದಿರೋ ಗುಡ್ಡ ಹಾಕೋನು ಇಲ್ದಿರೋ ಜಾರುಬಂಡಿನೂ ಹಾಕಿರ್ಬೋದಲ್ಲ?”

ಅರ್ಡಿಸ್ ಕುತ್ತಿಗೆಯ ಭೂತಗನ್ನಡಿ ಬಿಚ್ಚಿ ಅವನ ಮುಂದೆ ಹಿಡಿದಳು.

“ನೋಡು,” ಎಂದ ನಾರ್ಬರ್ಟ್, ಜ್ವರ ಬಂದ ಮಗುವಿಗೆ ಹೇಳುವಷ್ಟು ಮೆತ್ತಗೆ. “ನಿಂಗೆ ಅಪ್ಪ ಅಂದ್ರೆ ಪ್ರಾಣ. ಎಷ್ಟು ವರ್ಷದಿಂದ ಹುಡುಕ್ತಿದೀಯ, ನಮಗೆ ಗೊತ್ತಿಲ್ವಾ? ಅಷ್ಟು ಹುಡುಕಿದೋರಿಗೆ ಎಲ್ಲಿ ನೋಡಿದ್ರೂ ಅದೇ ಕಾಣತ್ತೆ. ತಪ್ಪಲ್ಲ ಅದು.”

“ನಂಗೆ ಕಂಡಿದ್ದಲ್ಲ, ಅಲ್ಲಿ ಇರೋದು! ನಾನು ಸುಳ್ಳು ಹೇಳ್ದೆ ಅಂತ ನಾನೇ ಹೇಳ್ತಿದೀನಲ್ಲ!”

“ನೀನ್ಯಾಕೆ ಸುಳ್ಳು ಹೇಳ್ತೀಯ?”

“ಹೊಟ್ಟೆಕಿಚ್ಚಿಗೆ!” ಎಂದು ಅರ್ಡಿಸ್ ಕಿರುಚಿದಳು. “ಅವಳಿಗೆ ಸಿಕ್ತಲ್ಲ ಅಂತ ಹೊಟ್ಟೆಕಿಚ್ಚಿಗೆ ಹೇಳ್ದೆ. ಈ ಊರಲ್ಲಿ ಹುಟ್ಟಿದ್ದು ನಾನು, ಸಿಕ್ಕಿದ್ದು ಅವಳಿಗೆ. ಸಾಕಾ?”

ನೆಲಮನೆಯಲ್ಲಿ ಒಬ್ಬರೂ ಅವಳ ಮುಖ ನೋಡಲಿಲ್ಲ. ಕಾಫಿ ಯಂತ್ರವೊಂದೇ ಗೊರಗೊರ ಎನ್ನುತ್ತಿತ್ತು. ನಾರ್ಬರ್ಟ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಏಪ್ರಿಲ್‌ನಲ್ಲಿ ನಮ್ಮೂರಲ್ಲ ಅಂದೆ, ಬರೆದು ಹಾಕಿದ್ವಿ. ಈಗ ನಮ್ಮೂರೇ ಅಂತೀಯ. ಯಾವ್ದು ಸುಳ್ಳು ಅಂತ ನಾನು ಹೇಗೆ ಹೇಳ್ಲಿ? ಲೋಹದ ಮೇಲೆ ಕೊರೆಸೋದು, ಆಮೇಲೆ ಅಳಿಸೋಕಾಗಲ್ಲ. ಬೇಜಾರು ಮಾಡ್ಕೋಬೇಡ.”

ಕೈ ಎತ್ತಿಸಿದರು. ನೀರಿನ ಕಡೆಯ ಜಾಗಕ್ಕೆ ಬಾತುಕೋಳಿಗಳ ಚಿತ್ರ ಹಾಕುವುದೆಂದು ತೀರ್ಮಾನವಾಯಿತು. ಅರ್ಡಿಸ್‌ಳ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಹೋಗುವಾಗ ಒಬ್ಬೊಬ್ಬರೂ ಭುಜ ತಟ್ಟಿ ಹೋದರು. ಬೈದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಇಬ್ಬರು ಅವಳ ಖರ್ಜೂರದ ತುಂಡುಗಳನ್ನೂ ತಿಂದರು.

ಕಡೆಯಲ್ಲಿ ಉಳಿದವಳು ಮ್ಯಾಕ್ಸೀನ್. ಅಷ್ಟು ಹೊತ್ತೂ ಆಕೆ ಒಂದು ಮಾತೂ ಆಡಿರಲಿಲ್ಲ. ತನ್ನ ಖಾಲಿ ತಟ್ಟೆಯನ್ನು ಚೀಲಕ್ಕೆ ಹಾಕಿ, ನಾರ್ಬರ್ಟ್ ಮೇಜಿನ ಮೇಲೆ ಬಿಟ್ಟುಹೋಗಿದ್ದ ಕಾರ್ಡನ್ನು ಎತ್ತಿ, ಎಡಮೂಲೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಆಮೇಲೆ ಅರ್ಡಿಸ್‌ಳ ಕೈ ಬಿಡಿಸಿ, ಕಾರ್ಡನ್ನು ಅದರೊಳಗಿಟ್ಟು ಬೆರಳು ಮಡಿಸಿದಳು.

“ನಾನು ನಂಬ್ತೀನಿ ಅರ್ಡಿಸ್,” ಎಂದಳು.

ಅರ್ಡಿಸ್‌ಳ ಕಣ್ಣು ತುಂಬಿ ಬಂತು. ಏನೋ ಹೇಳಲು ಹೊರಟಳು.

“ಹೋದ ಸಲಾನೂ ನಂಬಿದ್ದೆ,” ಎಂದು ಹೇಳಿ ಮ್ಯಾಕ್ಸೀನ್ ಮೆಟ್ಟಿಲು ಹತ್ತಿ ಹೋದಳು.